ಒಂಬತ್ತು ದಿನ ಎಂದವನ ಲೆಕ್ಕ: ವಿಸ್ಕಾನ್ಸಿನ್‌ನ ಒಂದು ದಾಂಪತ್ಯ ಪ್ರಕರಣ

ಆಕೆ ಮೊದಲ ಸಲ ಫೋನ್ ಮಾಡಿದ್ದು 2023ರ ಜನವರಿಯಲ್ಲಿ. “ನಮ್ಮನೆಯವ್ರು ಜಿಂಕೆ ಹೊಡೀತಾರೆ ಮೇಡಂ, ಅದರ ವಿಷ್ಯ ಮಾತಾಡ್ಬೇಕಿತ್ತು” ಅಂದಳು. ನಾನು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ಗಂಡಹೆಂಡಿರ ಆಪ್ತಸಮಾಲೋಚನೆ ಮಾಡುವವಳು. ಕನ್ನಡ ಬರುತ್ತದೆ ಎಂಬ ಒಂದೇ ಕಾರಣಕ್ಕೆ ದೂರದಿಂದ ಕಾರು ಹೊಡೆದುಕೊಂಡು ಬರುವವರೂ ಇದ್ದಾರೆ. ಕುಡಿತ, ಅತ್ತೆ, ದುಡ್ಡು, ಹಳೇ ಪ್ರೇಮ ಎಲ್ಲ ಕೇಳಿದ್ದೆ. ಜಿಂಕೆ ಇದೇ ಮೊದಲು.

ಇದನ್ನು ಬರೆಯಲು ಇಬ್ಬರೂ ಒಪ್ಪಿದ್ದಾರೆ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ. ಜಿಂಕೆಗಳನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದೇನೆ.

ಮನೆಯಲ್ಲಿ ಬಂದೂಕು ಇದೆ ಎಂದು ಗೊತ್ತಾದ ಮೇಲೆ ಇಬ್ಬರನ್ನೂ ಮೊದಲು ಬೇರೆಬೇರೆ ಕೂರಿಸಿ ಮಾತಾಡಿಸುವುದು ನನ್ನ ಕ್ರಮ. ಜಗಳದಲ್ಲಿ ಯಾರಾದರೂ ಯಾರಿಗಾದರೂ ಹೆದರಿದ್ದುಂಟೇ, ಬಂದೂಕಿನ ಬೀಗದ ಕೈ ಎಲ್ಲಿರುತ್ತದೆ, ಮಕ್ಕಳಿಗೆ ಅದು ಗೊತ್ತೇ ಎಂದೆಲ್ಲ ಕೇಳುತ್ತೇನೆ. ಅಂಥದ್ದೇನೂ ಇರಲಿಲ್ಲ. ರೈಫಲ್ಲು ಕಬ್ಬಿಣದ ಪೆಟ್ಟಿಗೆಯಲ್ಲಿ, ತೋಟೆಗಳು ಬೇರೆ ಡಬ್ಬದಲ್ಲಿ. “ಅದರ ಭಯ ನಂಗಿಲ್ಲ ಮೇಡಂ. ಅಡುಗೆಮನೆ ಚಾಕುಗಿಂತ ಜೋಪಾನ ಅದು” ಅಂದಳು.

ಆಮೇಲೆ ನಾನೊಂದು ತಪ್ಪು ಮಾಡಿದೆ. ನಾನು ಹುಟ್ಟಿದ್ದು ಈರುಳ್ಳಿಯನ್ನೂ ಹಬ್ಬದ ದಿನ ದೂರ ಇಡುವ ಮನೆಯಲ್ಲಿ. ಹಾಗಾಗಿ ಬಹಳ ನಾಜೂಕಾಗಿ, “ಪ್ರಾಣಿ ಕೊಲ್ಲೋದು ನಿಮಗೆ ಮನಸ್ಸಿಗೆ ಹಿಂಸೆ ಆಗುತ್ತಾ?” ಎಂದು ಕೇಳಿದೆ. ಆಕೆ ನಕ್ಕೇಬಿಟ್ಟಳು. “ನಾವು ಮಂಡ್ಯದೋರು ಮೇಡಂ. ಹಿರೀಕರ ಹಬ್ಬಕ್ಕೆ ಮರಿ ಕಡಿಯೋವಾಗ ಬೋಗುಣಿ ಹಿಡ್ಕೊಂಡು ನಿಂತಿರ್ತಿದ್ದೆ ನಾನು. ಜಿಂಕೆ ಮೇಲೆ ನಂಗೇನೂ ಇಲ್ಲ. ನನ್ನ ಸಿಟ್ಟು ರಜದ ಮೇಲೆ.”

ಆ ಮಾತು ನನ್ನ ಟಿಪ್ಪಣಿ ಪುಸ್ತಕದಲ್ಲಿದೆ, ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಆದರೂ ಅದರ ಪೂರ್ತಿ ಅರ್ಥ ಆಗಲು ನನಗೆ ಇನ್ನೂ ಮೂರು ಭೇಟಿ ಬೇಕಾಯಿತು.

ಆತ ತೀರ್ಥಹಳ್ಳಿ ಕಡೆಯವನು. ಅಜ್ಜ ಹೆಸರಾಂತ ಶಿಕಾರಿ. ಹಳು ನುಗ್ಗಿಸುವುದು (ಪೊದೆಯೊಳಗಿನ ಪ್ರಾಣಿಗಳನ್ನು ಎಬ್ಬಿಸಿ ಓಡಿಸುವುದು), ಬಿಲ್ಲಿಗೆ ನಿಲ್ಲುವುದು (ಅವು ಹಾಯುವ ಜಾಗದಲ್ಲಿ ಕೋವಿ ಹಿಡಿದು ಕಾಯುವುದು), ಹಣ್ಣು ಉದುರುವ ಮರದ ಮೇಲೆ ರಾತ್ರಿ ಮರಸು, ಅಂದರೆ ಹೊಂಚಿ, ಕೂರುವುದು ಎಲ್ಲ ಅಜ್ಜನ ಬಾಯಲ್ಲಿ ಕೇಳಿ ಬೆಳೆದದ್ದು, ಕಣ್ಣಲ್ಲಿ ಕಂಡದ್ದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅವರ ಮನೆಯ ಜೋಡುನಳಿಗೆ ಕೋವಿಗೆ ಉಳಿದದ್ದು ಬೆಳೆ ಕಾಯುವ ಲೈಸೆನ್ಸು ಮಾತ್ರ. ಈತ ಹುಡುಗನಾಗಿದ್ದಾಗ ಅದು ಗೋಡೆ ಬಿಟ್ಟು ಹೊರಗೆ ಬರುತ್ತಿದ್ದದ್ದು ಚುನಾವಣೆ ಬಂದಾಗ. ಅಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಒಪ್ಪಿಸಿ, ಫಲಿತಾಂಶ ಬಂದ ಮೇಲೆ ಹೋಗಿ ಬಿಡಿಸಿಕೊಂಡು ಬರುತ್ತಿದ್ದರು. “ನಮ್ಮನೆ ಕೋವಿ ಕಾಡಿಗಿಂತ ಸ್ಟೇಷನ್ನಿಗೇ ಜಾಸ್ತಿ ಹೋಗಿದೆ ಮಾರಾಯ್ರೆ” ಎಂದು ಆತ ಹೇಳಿದಾಗ ಹೆಂಡತಿಗೂ ನಗು ಬಂತು.

ಅಂಥವನು ಸಾಫ್ಟ್‌ವೇರ್ ಕೆಲಸಕ್ಕೆಂದು ವಿಸ್ಕಾನ್ಸಿನ್‌ಗೆ ಬಂದ. ಇದು ಜಿಂಕೆಯ ರಾಜ್ಯ. ಪ್ರತಿ ವರ್ಷ ನವೆಂಬರ್ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಹಿಂದಿನ ಶನಿವಾರ ಬೆಳಕು ಹರಿಯುವ ಹೊತ್ತಿಗೆ ಶುರುವಾಗುವ ಒಂಬತ್ತು ದಿನದ ಬಂದೂಕಿನ ಸೀಸನ್‌ಗೆ ಐದು ಲಕ್ಷಕ್ಕೂ ಹೆಚ್ಚು ಜನ ಲೈಸೆನ್ಸ್ ತೆಗೆದುಕೊಳ್ಳುತ್ತಾರೆ. ಕಿತ್ತಳೆ ಅಂಗಿ ಹಾಕಿದವರು ಪೆಟ್ರೋಲ್ ಬಂಕ್, ಹೋಟೆಲು, ಚರ್ಚು ಎಲ್ಲೆಲ್ಲೂ ಕಾಣುತ್ತಾರೆ. ಬಿಲ್ಲಿನ ಸೀಸನ್ ಸೆಪ್ಟೆಂಬರ್ ಮಧ್ಯಕ್ಕೇ ತೆರೆಯುತ್ತದೆ, ಜನವರಿವರೆಗೆ ನಡೆಯುತ್ತದೆ. ಊರಿನಲ್ಲಿ ಜೈಲಿಗೆ ಹೋಗಬೇಕಾದ ಕೆಲಸಕ್ಕೆ ಇಲ್ಲಿ 24 ಡಾಲರಿನ ಲೈಸೆನ್ಸು. ಆಫೀಸಿನ ಸಹೋದ್ಯೋಗಿಯೊಬ್ಬ 2017ರಲ್ಲಿ ಈತನನ್ನು ತನ್ನ ಅಪ್ಪನ ಬೇಟೆಮನೆಗೆ, ಇಲ್ಲಿಯವರು ಡೀರ್ ಕ್ಯಾಂಪ್ ಅನ್ನುವ ಮರದ ಮನೆಗೆ ಕರೆದುಕೊಂಡು ಹೋದ. ಮ್ಯಾಡಿಸನ್‌ನಿಂದ ಉತ್ತರಕ್ಕೆ ಮೂರೂವರೆ ಗಂಟೆ ಹಾದಿ. ಕಟ್ಟಿಗೆ ಒಲೆ, ಮಂಚದ ಮೇಲೆ ಮಂಚ, ರಾತ್ರಿ ಇಸ್ಪೀಟು. ಎರಡನೆಯ ವರ್ಷ ಈತ ಊರಿನ ಸಾರಿನ ಪುಡಿ ತೆಗೆದುಕೊಂಡು ಹೋಗಿ ಜಿಂಕೆಮಾಂಸದ ಸಾರು ಮಾಡಿದ. ಎಪ್ಪತ್ತು ದಾಟಿದ ಆ ಮನೆಯ ಯಜಮಾನ ಮೂರು ಸಲ ಬಡಿಸಿಕೊಂಡು ಉಂಡು, ಗೋಡೆಯ ಮೇಲೆ ಸಾಲಾಗಿದ್ದ ಮೊಳೆಗಳಲ್ಲಿ ಒಂದನ್ನು ತೋರಿಸಿ, ಇನ್ನು ಮೇಲೆ ಇದು ನಿನ್ನ ಕೋಟಿನ ಮೊಳೆ ಅಂದನಂತೆ.

ಆ ಮೊಳೆಯ ವಿಷಯ ಹೇಳುವಾಗ ಆತನ ದನಿ ಬದಲಾಯಿತು. ಅಮೆರಿಕಕ್ಕೆ ಬಂದು ಅಷ್ಟು ವರ್ಷವಾಗಿದ್ದರೂ ಇಲ್ಲಿಯವರ ಮನೆಯೊಳಗೆ ಆತನಿಗೆ ಅಂತ ಒಂದು ಜಾಗ ಸಿಕ್ಕಿದ್ದು ಅದೊಂದೇ. ವೀಸಾ ಇನ್ನೂ ಎಚ್-1ಬಿ, ಕೆಲಸಕ್ಕೆಂದು ಕೊಡುವ ತಾತ್ಕಾಲಿಕ ವೀಸಾ. ಇಲ್ಲಿ ಕಾಯಂ ನೆಲೆಸಲು ಬೇಕಾದ ಹಸಿರು ಕಾರ್ಡಿನ ಸರದಿ ಯಾವ ಕಾಲಕ್ಕೋ. ಆ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವಂತಿಲ್ಲ ಎನ್ನುವುದು ಇಲ್ಲಿಯ ಕೇಂದ್ರ ಕಾನೂನು. ರಾಜ್ಯದ ಬೇಟೆ ಲೈಸೆನ್ಸು ಇದ್ದವರಿಗೆ ಅದರಲ್ಲಿ ವಿನಾಯಿತಿ ಉಂಟು. ಹಾಗಾಗಿ ಲೈಸೆನ್ಸು ಈತನಿಗೆ ಬರೀ ಬೇಟೆಯ ಪರವಾನಗಿ ಆಗಿರಲಿಲ್ಲ, ಈ ನೆಲದಲ್ಲಿ ತಾನೂ ಒಬ್ಬ ಅನ್ನುವುದಕ್ಕೆ ಒಂದು ಕಾಗದ ಆಗಿತ್ತು. ಇದು ನನ್ನ ವ್ಯಾಖ್ಯಾನ. ಆತ ಹಾಗೆ ಹೇಳಲಿಲ್ಲ.

ಇನ್ನು ಆಕೆಯ ಕಡೆಯದು.

ತಮ್ಮನ ಮದುವೆ 2022ರ ಡಿಸೆಂಬರ್ ಎರಡನೇ ವಾರಕ್ಕೆ ಗೊತ್ತಾಯಿತು, ಧನುರ್ಮಾಸ ಹಿಡಿಯುವುದಕ್ಕೆ ಮುಂಚೆ. ದಿನ ನಿಕ್ಕಿಯಾದದ್ದು ಸೆಪ್ಟೆಂಬರಿನಲ್ಲೇ. ಆತನಿಗೆ ವರ್ಷಕ್ಕೆ ಸಿಗುವ ರಜೆ 15 ದಿನ. ಬೇಸಿಗೆಯಲ್ಲಿ ಅವನ ಅಪ್ಪ ಅಮ್ಮ ಬಂದಿದ್ದಾಗ 4 ಖರ್ಚಾಗಿದ್ದವು. ನವೆಂಬರ್ ಎರಡನೇ ವಾರ, ಗಂಡುಜಿಂಕೆಗಳು ಬೆದೆಗೆ ಬಂದು ಹಗಲಲ್ಲೂ ಮೈಮರೆತು ಅಲೆಯುವ ಕಾಲ, ಬಿಲ್ಲುಬೇಟೆಗೆ 5. ಬಂದೂಕಿನ ಸೀಸನ್‌ಗೆ 4. ಉಳಿದದ್ದು 2. ಷಿಕಾಗೊದಿಂದ ಬೆಂಗಳೂರಿಗೆ ಹೋಗುವುದಕ್ಕೇ ಒಂದು ದಿನ ಬೇಕು.

ಸಂಬಳವಿಲ್ಲದ ರಜೆ ಕೇಳಬಹುದಿತ್ತಲ್ಲ ಎಂದೆ. “ಕೇಳಲಿಲ್ಲ” ಅಂದ. ಯಾಕೆ? “ವೀಸಾದಲ್ಲಿ ಇರೋನು ಜಾಸ್ತಿ ಕೇಳೋ ಹಾಗಿಲ್ಲ ಮೇಡಂ.” ಹೆಂಡತಿ ಕಿಟಕಿ ಕಡೆ ನೋಡುತ್ತ, “ನವೆಂಬರಲ್ಲಿ ಒಂಬತ್ತು ದಿನ ಕೇಳೋವಾಗ ವೀಸಾ ನೆಪ್ಪಾಗ್ಲಿಲ್ಲ” ಅಂದಳು.

ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಮೂರು ಸೂಟ್‌ಕೇಸು ಕಟ್ಟಿಕೊಂಡು ಒಬ್ಬಳೇ ಹೋದಳು. ಮದುವೆ ಮನೆಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: “ಅಳಿಯಂದ್ರು ಎಲ್ಲವ್ವಾ?” ಆಕೆ ಕೊಟ್ಟ ಉತ್ತರ ಆ ವರ್ಷ ಯಾರೂ ಅನುಮಾನಿಸದಂಥದ್ದು: “ವೀಸಾ ಸ್ಟಾಂಪಿಂಗ್ ಡೇಟ್ ಸಿಗ್ಲಿಲ್ಲ.” ಅಂದರೆ ಅಮೆರಿಕಕ್ಕೆ ಮರಳಲು ಕಾನ್ಸುಲೇಟಿನಲ್ಲಿ ಪಾಸ್‌ಪೋರ್ಟಿಗೆ ಹಾಕಿಸಬೇಕಾದ ವೀಸಾ ಮುದ್ರೆಗೆ ತಾರೀಕು ಸಿಗಲಿಲ್ಲ ಅಂತ. ಎಲ್ಲರೂ ಅಯ್ಯೋ ಪಾಪ ಅಂದರು. ಅವಳಪ್ಪ ಮಾತ್ರ ಅಲ್ಲಿಗೆ ಬಿಡಲಿಲ್ಲ. ಮಗಳ ಸಂಕಟ ನೋಡಲಾರದೆ, ಚೆನ್ನೈ ಕಾನ್ಸುಲೇಟಿನಲ್ಲಿ ಯಾರಾದರೂ ಗೊತ್ತಿರುವವರು ಇದ್ದಾರಾ ಎಂದು ಚಪ್ಪರದ ಕೆಳಗೆ ನಿಂತು ನಾಲ್ಕು ಜನಕ್ಕೆ ಫೋನ್ ಹಚ್ಚಿದರು. ಬಾಸಿಂಗದ ತಟ್ಟೆ ಹಿಡಿದುಕೊಂಡು ಆಕೆ ಅದನ್ನು ನೋಡುತ್ತ ನಿಂತಿದ್ದಳು.

“ಅವ್ರು ಬರ್ದೇ ಇದ್ದಿದ್ದು ತಡ್ಕೊಂಡೆ ಮೇಡಂ. ನಮ್ಮಪ್ಪನ ಮುಂದೆ ನನ್ನ ಕೈಲಿ ಸುಳ್ಳು ಹೇಳಿಸಿದ್ರಲ್ಲ.”

ಇದು ಆತನಿಗೆ ಗೊತ್ತೇ ಇರಲಿಲ್ಲ. ನನ್ನ ಕೋಣೆಯಲ್ಲಿ, ಎರಡನೇ ಭೇಟಿಯಲ್ಲಿ, ಮೊದಲ ಸಲ ಕೇಳಿದ. ಮದುವೆಗೆ ಬಾರದ್ದಕ್ಕೆ ಕೋಪ ಇರಬಹುದು, ತಾನೇ ತಣ್ಣಗಾಗುತ್ತದೆ ಎಂದುಕೊಂಡಿದ್ದವನು ತಲೆ ತಗ್ಗಿಸಿ ಬಹಳ ಹೊತ್ತು ಶೂ ನೋಡಿಕೊಂಡು ಕೂತ. ಆಮೇಲೆ ಆಡಿದ ಮಾತು ಮಾತ್ರ ಕೆಲಸ ಕೆಡಿಸಿತು: “ವರ್ಷಕ್ಕೆ ಒಂಬತ್ತು ದಿನ ಕಣೇ. ಬರೀ ಒಂಬತ್ತು ದಿನ.”

“ಐದು ತಿಂಗಳು” ಅಂದಳು ಆಕೆ.

ಇಂಥ ಕಡೆ ಯಾರ ಪರವೂ ವಾದಿಸದೆ ಇಬ್ಬರ ಕೈಗೂ ಕಾಗದ ಕೊಡುವುದು ನನ್ನ ಅಭ್ಯಾಸ. ಹಿಂದಿನ ಒಂದು ವರ್ಷದ ಲೆಕ್ಕ ಬರೆದುಕೊಂಡು ಬನ್ನಿ, ಊಹೆ ಬೇಡ, ಫೋನಿನ ಫೋಟೊಗಳ ತಾರೀಕು ನೋಡಿ, ಬ್ಯಾಂಕಿನ ಸ್ಟೇಟ್‌ಮೆಂಟ್ ನೋಡಿ ಎಂದೆ. ಇಬ್ಬರೂ ಇಂಜಿನಿಯರುಗಳು, ಎಕ್ಸೆಲ್ ಶೀಟೇ ಮಾಡಿಕೊಂಡು ಬಂದರು. ಬಂದೂಕಿನ ಸೀಸನ್ 9 ದಿನ. ಬೆದೆಗಾಲದ ವಾರ, ಒಂದು ವಾರಾಂತ್ಯ ಸೇರಿ 7. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಅರ್ಧರ್ಧ ದಿನದ 12 ಬೆಳಗು, ಅಂದರೆ 6. ಬೇಸಿಗೆಯಲ್ಲಿ ಮರಕ್ಕೆ ಏಣಿ ಕಟ್ಟುವುದು, ಕೊಂಬೆ ಸವರುವುದು, ಜಿಂಕೆ ಓಡಾಡುವ ಹಾದಿಗೆ ಕ್ಯಾಮರಾ ಇಡುವುದು ಅಂತ 8. ಗುರಿ ಅಭ್ಯಾಸ 4. ಮಾಂಸ ಕಡಿದು ಕಟ್ಟಿಡುವುದು 3. ಒಟ್ಟು 37.

ಆತ ಹೇಳಿದ್ದರ ನಾಲ್ಕು ಪಟ್ಟು. ಆಕೆ ಹೇಳಿದ್ದರ ಕಾಲು ಭಾಗ. ಇಬ್ಬರೂ ಆ ಅಂಕಿಯನ್ನು ನೋಡಿದರು, ಗೆದ್ದೆ ಅನ್ನುವ ಮುಖ ಯಾರದೂ ಇರಲಿಲ್ಲ. ಆಮೇಲೆ ಅದೇ ಶೀಟಿನಲ್ಲಿ ಹೆಂಡತಿಯ ಹೆಸರಿಗೂ ಒಂದು ಕಂಬ ಹಾಕಿ ಎಂದೆ. ಮನೆ, ಮಕ್ಕಳು, ಕೆಲಸ ಯಾವುದೂ ಅಲ್ಲದೆ, ತನ್ನ ಖುಷಿಗೆಂದೇ ಆಕೆ ಹೊರಗೆ ಹೋದ ದಿನಗಳು. ಗಂಡನೇ ತುಂಬಲು ಕೂತ. ಒಂದು ಗೆಳತಿಯ ಸೀಮಂತ, ಅರ್ಧ ದಿನ. ಬೇರೆ? ಕರ್ಸರ್ ಮಿನುಗುತ್ತಲೇ ಇತ್ತು.

ಐದು ತಿಂಗಳು ಎಂದು ಆಕೆಗೆ ಯಾಕೆ ಅನಿಸಿತ್ತು ಎನ್ನುವುದನ್ನೂ ಹೇಳಬೇಕು, ಯಾಕೆಂದರೆ ಅದು ಬರೀ ಉತ್ಪ್ರೇಕ್ಷೆ ಅಲ್ಲ. ಬೇಟೆ ಮನೆಯಲ್ಲಿ ಇಲ್ಲದ ದಿನ ಮಾತ್ರ ನಡೆಯುವುದಿಲ್ಲ, ಮನೆಯೊಳಗೂ ನಡೆಯುತ್ತದೆ. ಊಟಕ್ಕೆ ಕೂತಾಗ ಫೋನು ಟಿಣ್ ಎನ್ನುತ್ತದೆ, ಕಾಡಿನ ಕ್ಯಾಮರಾ ಕಳಿಸಿದ ಫೋಟೊ, ಆತನ ಕಣ್ಣು ತಟ್ಟೆಯಿಂದ ಎದ್ದು ಹೋಗುತ್ತದೆ. ಗಾಳಿ ಯಾವ ಕಡೆಯಿಂದ ಎಂದು ಹಲ್ಲುಜ್ಜುತ್ತ ನೋಡುತ್ತಾನೆ. ಜಿಂಕೆಯ ಮೂಗು ಬಲು ಚುರುಕು, ಮನುಷ್ಯನ ವಾಸನೆ ಬಂದರೆ ಆ ಕಡೆ ಸುಳಿಯುವುದಿಲ್ಲ. ಅದಕ್ಕೆ ಬೇಟೆಯ ಬಟ್ಟೆಗಳನ್ನು ಪರಿಮಳವಿಲ್ಲದ ಸೋಪಿನಲ್ಲಿ ಒಗೆದು, ಒಣಗಿಸಿ, ಎಲೆತರಗು ತುಂಬಿದ ಮುಚ್ಚಳದ ಡಬ್ಬದಲ್ಲಿ ಇಡುತ್ತಾರೆ. 2022ರ ಅಕ್ಟೋಬರಿನಲ್ಲಿ ಒಂದು ಶುಕ್ರವಾರ ಸಂಜೆ ಆಕೆ ಸಾರಿಗೆ ಒಗ್ಗರಣೆ ಹಾಕಲು ಸೌಟು ಕಾಯಿಸಿದ್ದಾಳೆ. ಆತ ಓಡಿಬಂದು, “ಇರು ಇರು, ಜಾಕೆಟ್ ಇನ್ನೂ ಒಣಗ್ತಿದೆ, ಇಂಗು ಹಾಕ್ಬೇಡ” ಅಂದಿದ್ದಾನೆ.

“ನನ್ನ ಅಡುಗೆಮನೇಲಿ ಒಗ್ಗರಣೆ ಹಾಕೋಕೆ ಜಿಂಕೆ ಪರ್ಮಿಷನ್ ಬೇಕಾ ಮೇಡಂ?”

ಹೇಳಿ ಮುಗಿಸಿದ ಮೇಲೆ ಆಕೆಗೇ ನಗು ಬಂತು, ಆತನಿಗೂ ಬಂತು. ಆದರೆ ಅವತ್ತು ರಾತ್ರಿ ಆಕೆ ಒಗ್ಗರಣೆ ಇಲ್ಲದ ಸಾರನ್ನೇ ಬಡಿಸಿ, ತಾನು ಉಣ್ಣದೆ ಮಲಗಿದ್ದಳಂತೆ.

ಇನ್ನೊಂದು ಸಂಗತಿ ಇಲ್ಲಿಯ ಸಮಾಲೋಚಕರಾದರೆ ಗಮನಿಸದೆ ಬಿಡುತ್ತಿದ್ದರೇನೋ. ಬೇಟೆಯ ದಿನಗಳಲ್ಲಿ ಗಂಡಸರು ಕಾಡು ಸೇರಿದರೆ ಹಿಂದೆ ಉಳಿಯುವ ಹೆಂಗಸರನ್ನು ಈ ಸೀಮೆಯಲ್ಲಿ ತಮಾಷೆಗೆ ‘ಡೀರ್ ವಿಡೋ’ ಅನ್ನುತ್ತಾರೆ. ಅದೇ ಹೆಸರಿನಲ್ಲಿ ಅಂಗಡಿಗಳು ರಿಯಾಯಿತಿ ಮಾರಾಟ ಇಡುತ್ತವೆ, ಹೆಂಗಸರು ಗುಂಪು ಕಟ್ಟಿ ವೈನ್ ಕುಡಿಯಲು ಹೋಗುತ್ತಾರೆ. ಪಕ್ಕದ ಮನೆಯಾಕೆ ಪ್ರೀತಿಯಿಂದಲೇ, “ಈಗ ನೀನೂ ನಮ್ಮ ಹಾಗೆ ಡೀರ್ ವಿಡೋ ಆದೆ” ಅಂದಿದ್ದಾಳೆ. ಈಕೆ ನಕ್ಕು ಒಳಗೆ ಬಂದು, ದೇವರ ಮುಂದೆ ದೀಪ ಹಚ್ಚಿ, ಕುಂಕುಮ ಇಟ್ಟುಕೊಂಡು, ಗಂಡನಿಗೆ ಫೋನ್ ಮಾಡಿದ್ದಾಳೆ. ಕಾಡಿನಲ್ಲಿ ಸಿಗ್ನಲ್ ಇಲ್ಲ. ಅವತ್ತೆಲ್ಲ ಎಷ್ಟು ಸಲ ಮಾಡಿದೆ ಎಂದು ಲೆಕ್ಕ ಇಟ್ಟಿಲ್ಲ ಅಂದಳು. ಆತ ಹದಿನೈದಡಿ ಮೇಲೆ ಮರಕ್ಕೆ ಬಿಗಿದ ಪುಟ್ಟ ಕುರ್ಚಿಯಲ್ಲಿ ಕೂತಿರುತ್ತಾನೆ, ಬೆಲ್ಟು ಕಟ್ಟಿಕೊಂಡಿದ್ದಾನೋ ಇಲ್ಲವೋ ಗೊತ್ತಿಲ್ಲ. ವಿಧವೆ ಅನ್ನುವ ಮಾತು ಇಲ್ಲಿ ಹಾಸ್ಯ, ನಮ್ಮ ಕಡೆ ಅಪಶಕುನ. ಎರಡೂ ಕಡೆಯ ಅರ್ಥ ಗೊತ್ತಿದ್ದೂ ಮೈ ನಡುಗುವುದು ನಿಲ್ಲುವುದಿಲ್ಲ.

ಮಾಂಸದ ಜಗಳವನ್ನು ಬೇಗ ಹೇಳಿ ಮುಗಿಸುತ್ತೇನೆ. ಇಲ್ಲಿಯ ಜಿಂಕೆಗಳಲ್ಲಿ ಸಿಡಬ್ಲ್ಯೂಡಿ ಎಂಬ ಮಿದುಳಿನ ರೋಗವಿದೆ. ವಿಸ್ಕಾನ್ಸಿನ್‌ನಲ್ಲಿ ಅದು ಮೊದಲು ಪತ್ತೆಯಾದದ್ದು 2002ರಲ್ಲಿ, ಮ್ಯಾಡಿಸನ್‌ಗೆ ಹತ್ತಿರದಲ್ಲೇ. ಮನುಷ್ಯರಿಗೆ ತಗುಲಿದ್ದು ರುಜುವಾತಾಗಿಲ್ಲ, ಆದರೆ ರೋಗವಿದ್ದ ಪ್ರಾಣಿಯ ಮಾಂಸ ತಿನ್ನಬೇಡಿ ಎಂದೇ ಆರೋಗ್ಯ ಇಲಾಖೆಯವರ ಸಲಹೆ. ಜಿಂಕೆಯ ತಲೆಯನ್ನು ಸರ್ಕಾರದ ಡಬ್ಬಕ್ಕೆ ಹಾಕಿ ಬಂದರೆ ಉಚಿತವಾಗಿ ಪರೀಕ್ಷೆ ಮಾಡುತ್ತಾರೆ, ಫಲಿತಾಂಶಕ್ಕೆ ಒಂದೆರಡು ವಾರ ಹಿಡಿಯುತ್ತದೆ. ಆತ ಪರೀಕ್ಷೆ ತಪ್ಪಿಸಿದವನಲ್ಲ, ಫಲಿತಾಂಶಕ್ಕೆ ಕಾಯುವ ಮಾಂಸವನ್ನು ಮಕ್ಕಳ ಐಸ್‌ಕ್ರೀಮಿನ ಪಕ್ಕ ಇಡುತ್ತಿದ್ದ, ಅಷ್ಟೇ. ಗ್ಯಾರೇಜಿಗೆ ಬೇರೆ ಫ್ರೀಜರ್ ಬಂತು, ಮುಗಿಯಿತು. ಬಹಳ ಜಗಳಗಳು ಮುನ್ನೂರು ಡಾಲರಿನ ಒಳಗೇ ಮುಗಿಯುವಂಥವು. ಗಂಡಹೆಂಡಿರು ಅದಕ್ಕೆ ತತ್ವದ ಬಣ್ಣ ಬಳಿದು ಇಟ್ಟುಕೊಂಡಿರುತ್ತಾರೆ.

ಮಾರ್ಚಿನಲ್ಲಿ ಒಪ್ಪಂದಕ್ಕೆ ಕೂತೆವು. ನಾನು ಎಣಿಸಿದ್ದು, ಆಕೆ ಉತ್ತರದ ಬೇಟೆಮನೆಗೆ ಕತ್ತರಿ ಹಾಕಿಸುತ್ತಾಳೆ, ಮನೆ ಹತ್ತಿರದ ಬಿಲ್ಲುಬೇಟೆ ಉಳಿಯುತ್ತದೆ ಅಂತ. ಆತನೂ ಅದಕ್ಕೇ ಹೆದರಿ ಕೂತಿದ್ದ. ಆದದ್ದು ತಿರುವುಮುರುವು. “ಆ ಮುದುಕಪ್ಪನ ಮನೆಗೆ ಹೋಗಿ. ಅವ್ರು ಇರೋಗಂಟ ಹೋಗಿ. ಬೆದೆಗಾಲದ ವಾರ ಬಿಡಿ” ಅಂದಳು. ಬೇಟೆಯ ರುಚಿ ಇರುವುದು ಬೆದೆಗಾಲದಲ್ಲಿ, ದೊಡ್ಡ ಕೊಂಬಿನವು ಕಾಣುವುದು ಆಗಲೇ. ಆಕೆ ಕೇಳಿದ್ದು ಅದನ್ನೇ. ಆತ ಒಂದು ವಾರ ಯೋಚಿಸುತ್ತೇನೆ ಎಂದ. ಮುಂದಿನ ಭೇಟಿಗೆ ಬಂದಾಗ ಸರಿ ಎಂದ, ಮುಖ ಮಾತ್ರ ಹಲ್ಲು ಕೀಳಿಸಿಕೊಂಡವನ ಹಾಗಿತ್ತು.

ಹದಿನೈದು ರಜೆಗಳಲ್ಲಿ ಎಂಟನ್ನು ಜನವರಿ ಮುಗಿಯುವುದರೊಳಗೆ ಮನೆಯ ಹೆಸರಿಗೆ ಬರೆದಿಡುವುದು, ಬೇಟೆಗೆ ಮೂರು, ಉಳಿದ ನಾಲ್ಕನ್ನು ಇಬ್ಬರೂ ಕೇಳದೆ ಮುಟ್ಟುವಂತಿಲ್ಲ. ಥ್ಯಾಂಕ್ಸ್‌ಗಿವಿಂಗ್ ಗುರುವಾರ ಮನೆಯಲ್ಲಿ. ಮರ ಹತ್ತುವಾಗ ‘ಹತ್ತಿದೆ’, ಇಳಿದಾಗ ‘ಇಳಿದೆ’ ಎಂದು ಮೆಸೇಜು, ಸಿಗ್ನಲ್ ಇಲ್ಲದ ಕಡೆ ಕ್ಯಾಂಪಿನ ಲ್ಯಾಂಡ್‌ಲೈನಿನಿಂದ ಸಂಜೆ ಒಂದು ಕರೆ. ಬೇಟೆಯ ಬಟ್ಟೆ ಹಿತ್ತಲ ಶೆಡ್ಡಿಗೆ, ಒಗ್ಗರಣೆಗೆ ಪೂರ್ಣ ಸ್ವಾತಂತ್ರ್ಯ. ಸೆಪ್ಟೆಂಬರಿನಿಂದ ಶನಿವಾರ ಬಿಟ್ಟು ಶನಿವಾರ ಬಿಲ್ಲು, ಹನ್ನೊಂದು ಗಂಟೆಯೊಳಗೆ ಮನೆ. ನಡುವಿನ ಶನಿವಾರಗಳು ಆಕೆಯವು, ಎಲ್ಲಿಗೆ ಯಾಕೆ ಎಂದು ಹೇಳಬೇಕಾಗಿಲ್ಲ.

ಆ ಕೊನೆಯದು ನಾನು ಅಂದುಕೊಂಡಷ್ಟು ಸುಲಭ ಇರಲಿಲ್ಲ. ಮೊದಲ ಶನಿವಾರ ಆಕೆ ಬೆಳಗ್ಗೆ ಒಂಬತ್ತಕ್ಕೆ ಕಾರು ತೆಗೆದುಕೊಂಡು ಹೊರಟಳು. ಎಲ್ಲಿಗೆ ಎಂದು ಅವಳಿಗೇ ಗೊತ್ತಿರಲಿಲ್ಲ. ಇಂಡಿಯನ್ ಅಂಗಡಿಯ ಪಾರ್ಕಿಂಗಿನಲ್ಲಿ ಎರಡು ಗಂಟೆ ಕೂತಿದ್ದು, ಕೊನೆಗೆ ಅಭ್ಯಾಸಬಲದಿಂದ ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ ಕೊಂಡು ಮನೆಗೆ ಬಂದಳು. “ನಂಗೇನು ಇಷ್ಟ ಅನ್ನೋದೇ ಮರ್ತೋಗಿದೆ ಮೇಡಂ” ಅಂದಳು. ನಾಲ್ಕನೆಯ ಶನಿವಾರದ ಹೊತ್ತಿಗೆ ಈಜು ಕಲಿಯಲು ಸೇರಿದ್ದಳು. ಕಾವೇರಿ ದಂಡೆಯ ಊರಲ್ಲಿ ಹುಟ್ಟಿದವಳು, ನೀರಿಗೆ ಇಳಿಯಬೇಡ ಎಂದೇ ಬೆಳೆಸಿದ್ದರು.

ಈಗ ಒಪ್ಪಂದ ಮುರಿದ ಕತೆ.

2023ರ ಅಕ್ಟೋಬರ್ 21, ಶನಿವಾರ, ದಸರಾ ವಾರ. ಮಧ್ಯಾಹ್ನ ಒಂದಕ್ಕೆ ಮಗಳ ಕೋಲಾಟ. ಆತ ವಿಸ್ಕಾನ್ಸಿನ್ ನದಿಯ ದಂಡೆಯ ಸಾರ್ವಜನಿಕ ಕಾಡಿನಲ್ಲಿ ಮರದ ಮೇಲಿದ್ದ. ಎಂಟೂ ನಲವತ್ತಕ್ಕೆ ಒಂದು ಗಂಡು ಇಪ್ಪತ್ತು ಗಜದಲ್ಲಿ ಬಂತು. ಬಾಣ ಬಿಟ್ಟ. ಕೊನೆ ಗಳಿಗೆಯಲ್ಲಿ ಅದು ಒಂದು ಹೆಜ್ಜೆ ಇಟ್ಟಿತು. ಇಳಿದು ನೋಡಿದರೆ ಬಾಣಕ್ಕೆ ಹಸಿರು ಲೋಳೆ, ಕೆಟ್ಟ ನಾತ. ಹೊಟ್ಟೆಗೆ ಬಿದ್ದಿದೆ. ಹೀಗೆ ಬಿದ್ದರೆ ತಕ್ಷಣ ಬೆನ್ನು ಹತ್ತುವಂತಿಲ್ಲ, ಗಾಬರಿಯಾಗಿ ಮೈಲಿಗಟ್ಟಲೆ ಓಡುತ್ತದೆ. ಆರೆಂಟು ಗಂಟೆ ಬಿಟ್ಟರೆ ಹತ್ತಿರದಲ್ಲೇ ಮಲಗಿ ಅಲ್ಲೇ ಸಾಯುತ್ತದೆ. ಹಾಗೆಂದು ಅದನ್ನು ಬಿಟ್ಟು ಬರುವುದೂ ಸಲ್ಲ. ಗಾಯ ಮಾಡಿದವನೇ ಹುಡುಕಿ ಮುಗಿಸಬೇಕು ಎನ್ನುವುದನ್ನು ಆತನ ಅಜ್ಜನೂ ಹೇಳಿದ್ದ, ಬೇಟೆಮನೆಯ ಆ ಮುದುಕನೂ ಹೇಳಿದ್ದ.

ಆತ ಹನ್ನೊಂದಕ್ಕೆ ಸರಿಯಾಗಿ ಮನೆಗೆ ಬಂದ. ಸ್ನಾನ ಮಾಡಿ ಜುಬ್ಬಾ ಹಾಕಿಕೊಂಡು ಕೋಲಾಟಕ್ಕೆ ಹೋಗಿ ಮುಂದಿನ ಸಾಲಿನಲ್ಲೇ ಕೂತ. ವೀಡಿಯೊ ಮಾಡಿದ. ಆ ವೀಡಿಯೊ ನಾನು ನೋಡಿದ್ದೇನೆ. ಮೊದಲರ್ಧ ಮಗಳಿದ್ದಾಳೆ, ಆಮೇಲೆ ಕ್ಯಾಮರಾ ಜಾರಿ ಮುಂದಿನವರ ಕುರ್ಚಿಯ ಕಾಲುಗಳೇ ಕಾಣುತ್ತವೆ. ಆತ ಗಡಿಯಾರ ನೋಡುತ್ತಿದ್ದ. ನಾಲ್ಕಕ್ಕೆ ಮತ್ತೆ ಕಾಡಿಗೆ ಹೋದ, ರಾತ್ರಿ ಹತ್ತರವರೆಗೆ ಟಾರ್ಚು ಹಿಡಿದು ರಕ್ತದ ಹನಿ ಹುಡುಕಿದ. ಸಿಗಲಿಲ್ಲ. ಮಾರನೆ ಬೆಳಗ್ಗೆ ಸಿಕ್ಕಿತು, ಅಷ್ಟರಲ್ಲಿ ಕಯೋಟೆಗಳು, ತೋಳದಂಥ ಇಲ್ಲಿಯ ಕಾಡುಪ್ರಾಣಿಗಳು, ತಿಂದಿದ್ದವು.

ನನ್ನ ಕೋಣೆಯಲ್ಲಿ ಆಕೆ ದೂರು ಹೇಳಲು ಬಂದವಳು, ಹೇಳಿದ್ದು ಬೇರೆ. ಭಾನುವಾರ ಬೆಳಗ್ಗೆ ಆತ ಗ್ಯಾರೇಜಿನಲ್ಲಿ ಬೂಟು ಬಿಚ್ಚದೆ ಮೆಟ್ಟಿಲ ಮೇಲೆ ಕೂತಿದ್ದನಂತೆ. ಈಕೆ ಕಸದ ಚೀಲ ಇಡಲು ಹೋದವಳು ನೋಡಿದ್ದಾಳೆ. ಅಳುತ್ತಿದ್ದ. “ಹದಿಮೂರು ವರ್ಷದಲ್ಲಿ ಅವ್ರು ಅತ್ತಿದ್ದು ನೋಡಿರ್ಲಿಲ್ಲ. ಅಜ್ಜ ಹೋದಾಗ್ಲೂ ಇಲ್ಲ. ನಾನಿದು ಬರೀ ಆಟ ಅಂದ್ಕೊಂಡಿದ್ದೆ.” ಆತ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹನ್ನೊಂದು ಗಂಟೆಯ ನಿಯಮ ಬರೆದವಳು ನಾನು. ಬಾಣ ಬಿಟ್ಟ ಮೇಲೆ ಆ ದಿನ ಯಾರದು ಎಂದು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಹೊಸ ನಿಯಮ ಆತನೇ ತಂದ. ಮನೆಯಲ್ಲಿ ಕೆಲಸವಿರುವ ದಿನ ಮರಸು ಕೂರಬಹುದು, ಬಾಣ ಬಿಡುವ ಹಾಗಿಲ್ಲ. ಬಿಲ್ಲು ಕೆಳಗೆ ಕಾರಿನಲ್ಲೇ ಇರುತ್ತದೆ. ಹಾಗಾದರೆ ಹೋಗುವುದೇಕೆ ಎಂದು ಕೇಳಿದೆ. “ಅಜ್ಜನೂ ಕೊನೆ ಹತ್ತು ವರ್ಷ ಹಾಗೇ ಕೂರ್ತಿದ್ರು ಮೇಡಂ, ಕೋವಿ ಇಲ್ದೆ” ಅಂದ. ಅಷ್ಟು ದಿನ ಅಜ್ಜನ ಶಿಕಾರಿ ಕತೆಯೆಲ್ಲ ಹೇಳಿದವನು ಇದೊಂದನ್ನು ಹೇಳಿಯೇ ಇರಲಿಲ್ಲ.

ಎಲ್ಲವೂ ಬಗೆಹರಿಯಿತು ಎಂದೇನಿಲ್ಲ. ಮಗಳಿಗೆ ಈಗ ಅಪ್ಪನ ಜೊತೆ ಹೋಗುವ ಹಟ. ವಿಸ್ಕಾನ್ಸಿನ್‌ನಲ್ಲಿ 2017ರಿಂದ ಇದಕ್ಕೆ ಕನಿಷ್ಠ ವಯಸ್ಸೇ ಇಲ್ಲ, ಕೈಗೆಟುಕುವ ದೂರದಲ್ಲಿ ದೊಡ್ಡವರೊಬ್ಬರು ಇದ್ದರೆ ಸಾಕು. ತಾಯಿ ಹನ್ನೆರಡು ತುಂಬಲಿ, ಸುರಕ್ಷತೆಯ ತರಗತಿ ಮುಗಿಸಲಿ ಎನ್ನುತ್ತಾಳೆ. ತಂದೆ ಬಾಯಲ್ಲಿ ಹೂಂ ಅನ್ನುತ್ತಾನೆ, ಮಗಳ ಅಳತೆಯ ಕಿತ್ತಳೆ ಅಂಗಿಯ ಬೆಲೆ ನೋಡಿದ್ದು ಫೋನಿನಲ್ಲಿ ಸಿಕ್ಕಿಬಿದ್ದಿದೆ. ಮಾವನಿಗೆ ಸ್ಟಾಂಪಿಂಗ್ ವಿಷಯದಲ್ಲಿ ನಿಜ ಹೇಳಬೇಕೋ ಬೇಡವೋ ಎನ್ನುವುದೂ ಹಾಗೇ ಇದೆ. ಆಕೆ ಬೇಡ ಎನ್ನುತ್ತಾಳೆ. ಆತನಿಗೆ ಹೇಳಿ ಹಗುರಾಗಬೇಕು. ಹೇಳಿದರೆ ಹಗುರಾಗುವುದು ಅಳಿಯ, ಭಾರವಾಗುವುದು ಮಗಳು ಮತ್ತು ಅಪ್ಪ. ಇಲ್ಲಿ ನನ್ನ ಒಲವು ಆಕೆಯ ಕಡೆಗೆ, ಅದನ್ನು ಇಬ್ಬರಿಗೂ ಹೇಳಿದ್ದೇನೆ.

ಭೇಟಿಗಳು 2024ರ ಬೇಸಿಗೆಗೆ ನಿಂತವು. ಆ ವರ್ಷ ಬಲಿಪಾಡ್ಯಮಿ ನವೆಂಬರ್ 2ಕ್ಕೆ ಬಿತ್ತು, ಶನಿವಾರ, ಬೆದೆಗಾಲ ಕಾವೇರುವ ಹೊತ್ತು. ಮಧ್ಯಾಹ್ನ ಊಟಕ್ಕೆ ಆರು ಮನೆಯವರು ಬರುವವರಿದ್ದರು, ಹಾಗಾಗಿ ಬಿಲ್ಲು ಕಾರಿನಲ್ಲೇ. ಎಂಟೂ ಕಾಲಕ್ಕೆ ಹತ್ತು ಕವಲಿನ ಕೊಂಬಿನ ಒಂದು ಗಂಡು ಆತ ಕೂತ ಮರದ ಬುಡಕ್ಕೇ ಬಂದು, ಮಂಜು ಬಿದ್ದ ಹುಲ್ಲಿನ ಮೇಲೆ ನಿಂತು, ಮೂಗು ಎತ್ತಿ ಗಾಳಿ ನೋಡಿತು. ಏಳು ವರ್ಷದಲ್ಲಿ ಅಂಥದ್ದು ಕಂಡಿರಲಿಲ್ಲವಂತೆ. ಆತ ಫೋನ್ ತೆಗೆದು ಒಂದು ಫೋಟೊ ಹೊಡೆದು ಹೆಂಡತಿಗೆ ಕಳಿಸಿದ. ಉತ್ತರ ಬಂದದ್ದನ್ನು ಸ್ಕ್ರೀನ್‌ಶಾಟ್ ಮಾಡಿ ನನಗೂ ಕಳಿಸಿದ್ದಾನೆ.

“ಚೆನ್ನಾಗಿದೆ. ಬರ್ತಾ ಮೊಸರು ತನ್ನಿ, ಎರಡು ಡಬ್ಬ.”